ಮೂರು ತಾಲೂಕಿಗೆ ಹಂಚಿದ ಹನ್ನೆರಡು ಪದಗಳು

ಇಸವಿ ಎರಡು ಸಾವಿರದ ಇಪ್ಪತ್ತನಾಲ್ಕು. ನನಗಾಗ ಐವತ್ತಮೂರು ವರ್ಷ ಎರಡು ತಿಂಗಳು. ವಯಸ್ಸನ್ನು ತಿಂಗಳ ಸಮೇತ ಹೇಳುವುದು ಇಪ್ಪತ್ತಾರು ವರ್ಷಗಳ ಅಧ್ಯಾಪನದಿಂದ ಬಂದ ಚಾಳಿ. ವರ್ಷವನ್ನಷ್ಟೇ ಬರೆದು ತಿಂಗಳ ಜಾಗವನ್ನು ಖಾಲಿ ಬಿಡುವವರನ್ನು ನಾನು ಎಂದೂ ಪೂರ್ತಿಯಾಗಿ ನಂಬಿದವನಲ್ಲ. ಪುತ್ತೂರಿನ ಸಮೀಪದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಅದಕ್ಕೆ ಮೂರು ವರ್ಷ ಮೊದಲೇ ಸ್ವಇಚ್ಛೆಯಿಂದ ನಿವೃತ್ತನಾಗಿದ್ದೆ. ಆ ಇಚ್ಛೆಯಲ್ಲಿ ಸಹೋದ್ಯೋಗಿಗಳ ಪಾಲೂ ಸ್ವಲ್ಪ ಇತ್ತೆಂದು ಅನಂತರ ಕೇಳಿದ್ದೇನೆ. ಅದೇನೇ ಇರಲಿ, ಕ್ರಮ ತಪ್ಪದ ಮನುಷ್ಯನೆಂದು ಬಂಧುಬಳಗದಲ್ಲಿ ನನಗೊಂದು ಹೆಸರಿದೆ. ಅಂಥ ಹೆಸರುಳ್ಳವನೊಬ್ಬ ಕ್ರಮ ತಪ್ಪಿದರೆ ಏನೇನಾಗಬಹುದೆಂಬುದಕ್ಕೆ ಒಂದು ಲಿಖಿತ ದಾಖಲೆ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಿವೃತ್ತನಾದ ಮರುವರ್ಷ ಪರಿಚಿತರೊಬ್ಬರ ಮೂಲಕ ಒಂದು ಕೆಲಸ ಬಂತು. ಬ್ಲಾಕ್‌ಚೈನ್ ವ್ಯವಹಾರದ ಸಂಸ್ಥೆಯೊಂದಕ್ಕೆ ತನ್ನ ಕೈಪಿಡಿಯನ್ನು ಕನ್ನಡಕ್ಕೆ ತರಿಸಬೇಕಾಗಿತ್ತು. ಬ್ಲಾಕ್‌ಚೈನ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದುದನ್ನು ತಿಳಿಯುವ ಕುತೂಹಲ ನನ್ನಲ್ಲಿ ಯಾವಾಗಲೂ ಅಗತ್ಯಕ್ಕಿಂತ ಹೆಚ್ಚು. ನಾಲ್ಕು ತಿಂಗಳು ಕುಳಿತು ನೂರಾರು ಪುಟ ಅನುವಾದಿಸಿದೆ. ಲಕ್ಷಾಂತರ ಜನರ ಕಂಪ್ಯೂಟರುಗಳಲ್ಲಿ ಒಂದೇ ಲೆಕ್ಕದ ಪುಸ್ತಕ ಇರುತ್ತದೆ, ಒಬ್ಬನು ತಿದ್ದಿದರೆ ಉಳಿದವರಿಗೆಲ್ಲ ಗೊತ್ತಾಗುತ್ತದೆ ಎಂಬುದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಶಾಲೆಯ ಹಾಜರಿ ಪುಸ್ತಕಕ್ಕೆ ಈ ವ್ಯವಸ್ಥೆ ಇದ್ದಿದ್ದರೆ ನಾನು ನಿವೃತ್ತನಾಗುತ್ತಲೇ ಇರಲಿಲ್ಲ.

ಸಂಸ್ಥೆಯವರು ಸಂಭಾವನೆಯನ್ನು ರೂಪಾಯಿಯಲ್ಲಿ ಕೊಡದೆ ತಮ್ಮದೇ ಟೋಕನ್ನುಗಳಲ್ಲಿ ಕೊಟ್ಟರು. ಟೋಕನ್ ಎಂದರೆ ಆ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಬರೆದ ಒಂದು ಅಂಕಿ, ಬೇಕಾದಾಗ ಮಾರಬಹುದು. ಈ ಸುದ್ದಿಯನ್ನು ನನ್ನ ಹೆಂಡತಿ ಶಶಿಕಲಾಳಿಗೆ ತಿಳಿಸಿದಾಗ ಅದು ನೋಡಲು ಹೇಗಿದೆ ಎಂದು ಕೇಳಿದಳು. ನೋಡಲು ಬರುವುದಿಲ್ಲ ಎಂದೆ. ಕೈಯಲ್ಲಿ ಹಿಡಿಯಲಿಕ್ಕೆ? ಬರುವುದಿಲ್ಲ ಎಂದೆ. "ಹಾಗಾದರೆ ಸಂಬಳ ಬಂದಿದೆ ಅಂತ ಹೇಳಿದವರು ಯಾರು? ನೀವೇ ಅಲ್ವಾ?" ಎಂದು ಆಕೆ ಒಲೆಯ ಕಡೆ ತಿರುಗಿದಳು. ಆ ಟೋಕನ್ನುಗಳ ಒಟ್ಟು ಬೆಲೆ ಒಂದು ಒಳ್ಳೆಯ ಮಿಕ್ಸಿಗಿಂತ ಹೆಚ್ಚಿರಲಾರದು. ಆದರೂ ಶಾಲೆ ಬಿಟ್ಟ ಮೇಲೆ ನನ್ನ ಕನ್ನಡವೊಂದರಿಂದಲೇ ನಾನು ಗಳಿಸಿದ್ದು ಅದೊಂದೇ. ನಾನಿನ್ನೂ ಪ್ರಯೋಜನಕ್ಕೆ ಬರುವ ಮನುಷ್ಯ ಎಂಬುದಕ್ಕೆ ನನ್ನಲ್ಲಿದ್ದ ಏಕೈಕ ಸಾಕ್ಷ್ಯ ಅದೇ ಆಗಿತ್ತು.

ಈ ಟೋಕನ್ನುಗಳನ್ನು ಇಟ್ಟುಕೊಳ್ಳುವ ಪೆಟ್ಟಿಗೆಯಂಥ ಆ್ಯಪ್‌ಗೆ ವ್ಯಾಲೆಟ್ ಎನ್ನುತ್ತಾರೆ. ಅದನ್ನು ತೆರೆಯುವಾಗ ಹನ್ನೆರಡು ಇಂಗ್ಲಿಷ್ ಪದಗಳನ್ನು ಕೊಡುತ್ತದೆ. ಫೋನು ಹಾಳಾದರೂ ಕಳೆದುಹೋದರೂ ಆ ಪದಗಳಿದ್ದರೆ ಪೆಟ್ಟಿಗೆ ಮತ್ತೆ ತೆರೆಯುತ್ತದೆ. ಬೇರೆಯವರ ಕೈಗೆ ಸಿಕ್ಕಿದರೆ ಅವರಿಗೂ ತೆರೆಯುತ್ತದೆ. ಎಲ್ಲಿಡುವುದು? ನಾನು ಒಂದು ವಾರ ಯೋಚಿಸಿದೆ. ನಮ್ಮ ಕುಟುಂಬದ ದೈವದ ಆಭರಣಗಳಿರುವ ಭಂಡಾರದ ಪೆಟ್ಟಿಗೆ ಒಂದು ಮನೆಯಲ್ಲಿರುತ್ತದೆ, ಬೀಗದ ಕೈ ಇನ್ನೊಂದು ಮನೆಯಲ್ಲಿರುತ್ತದೆ, ತೆರೆಯಬೇಕಾದರೆ ಮೂರನೆಯ ಮನೆಯವರೂ ಎದುರಿಗಿರಬೇಕು. ತಲೆಮಾರುಗಳಿಂದ ಒಂದು ಗೆಜ್ಜೆಯ ಮಣಿಯೂ ಕಾಣೆಯಾಗಿಲ್ಲ. ಇದಕ್ಕಿಂತ ಉತ್ತಮವಾದ ವ್ಯವಸ್ಥೆಯನ್ನು ಯಾವ ಕೈಪಿಡಿಯಲ್ಲಿಯೂ ನಾನು ಕಂಡಿರಲಿಲ್ಲ. ಆದ್ದರಿಂದ ಹನ್ನೆರಡು ಪದಗಳನ್ನು ನಾಲ್ಕು ನಾಲ್ಕಾಗಿ ಮೂರು ಚೀಟಿಗಳಲ್ಲಿ ಬರೆದು ತಾಲೂಕಿಗೊಂದರಂತೆ ಹಂಚಿದೆ: ಪುತ್ತೂರು ತಾಲೂಕಿನ ಈಶ್ವರಮಂಗಲದಲ್ಲಿರುವ ನನ್ನ ಅಕ್ಕನಿಗೆ ಒಂದು, ಸುಳ್ಯ ತಾಲೂಕಿನ ಪಂಜದಲ್ಲಿರುವ ಭಾವನಿಗೆ, ಎಂದರೆ ಶಶಿಕಲಾಳ ಅಣ್ಣನಿಗೆ, ಒಂದು, ಕಡಬ ತಾಲೂಕಿನ ಇಚಿಲಂಪಾಡಿಯಲ್ಲಿರುವ ಚಿಕ್ಕಮ್ಮನಿಗೆ ಒಂದು. ಸ್ವತಃ ನಾನೇ ಫೋನು ಮಾಡಿ ಕೇಳಿದರೂ ಹೇಳಕೂಡದು ಎಂದು ಮೂವರಿಂದಲೂ ಮಾತು ತೆಗೆದುಕೊಂಡೆ. ನನ್ನ ಬಳಿ ಒಂದು ಪದವನ್ನೂ ಇಟ್ಟುಕೊಳ್ಳಲಿಲ್ಲ. ಆ ದಿನ ನನಗೆ ನನ್ನ ಮೇಲೆಯೇ ಬಹಳ ಗೌರವ ಬಂದಿತ್ತು.

ಎರಡು ವರ್ಷ ಕಳೆದ ಮೇಲೆ ಸಂಸ್ಥೆಯಿಂದ ಒಂದು ಪ್ರಕಟಣೆ ಬಂತು. ಹಳೆಯ ಬ್ಲಾಕ್‌ಚೈನಿನಲ್ಲಿ ನೂಕುನುಗ್ಗಲು ಹೆಚ್ಚಿದೆ, ಅದರ ಮೇಲೆ ಎರಡನೇ ಪದರವಾಗಿ ಹೊಸ ನೆಟ್‌ವರ್ಕ್ ಕಟ್ಟಿದ್ದೇವೆ, ನವೆಂಬರ್ ಕೊನೆಯೊಳಗೆ ಎಲ್ಲರೂ ತಮ್ಮ ಟೋಕನ್ನುಗಳನ್ನು ಅಲ್ಲಿಗೆ ಸಾಗಿಸಬೇಕು, ಆಮೇಲೆ ಹಳೆಯ ಕಡೆ ಉಳಿದವುಗಳಿಗೆ ಮಾನ್ಯತೆ ಇಲ್ಲ ಎಂದು ಅದರಲ್ಲಿತ್ತು. ನನಗೆ ಗಾಬರಿಗಿಂತ ಮೊದಲು ಕುತೂಹಲವಾಯಿತು. ಟೋಕನ್ ಹೋಗುವುದಾದರೆ ಯಾವ ದಾರಿಯಲ್ಲಿ ಹೋಗುತ್ತದೆ? ಹೋಗುತ್ತಿರುವಾಗ ನಡುವೆ ಎಲ್ಲಿರುತ್ತದೆ? ಓದಿ ನೋಡಿದರೆ, ಅದು ಹೋಗುವುದೇ ಇಲ್ಲ. ಕೆಳಗಿನ ಪದರದಲ್ಲಿ ಅದನ್ನು ಬೀಗ ಹಾಕಿ ಇಡುತ್ತಾರೆ; ಮೇಲಿನ ಪದರದಲ್ಲಿ ಅದರ ಹೆಸರಿನಲ್ಲಿ ಇನ್ನೊಂದನ್ನು ಹುಟ್ಟಿಸುತ್ತಾರೆ. ಸಾಗಾಟ ಎಂಬ ಹೆಸರಿದ್ದೂ ಏನೂ ಸಾಗದ ಈ ವಿಷಯ ನನ್ನನ್ನು ಮೂರು ದಿನ ಹಿಡಿದಿಟ್ಟಿತು. ನಾಲ್ಕನೆಯ ದಿನ ಎಲ್ಲ ಅರ್ಥವಾಗಿ, ಸಾಗಿಸಿಬಿಡೋಣ ಎಂದು ಫೋನನ್ನು ಕೈಗೆತ್ತಿಕೊಂಡರೆ ಅದು ಚಾಲೂ ಆಗಲಿಲ್ಲ. ಪುತ್ತೂರಿನ ರಿಪೇರಿ ಅಂಗಡಿಯವರು ಅದನ್ನು ಬಿಚ್ಚಿ ನೋಡಿ, ಇನ್ನು ಇದಕ್ಕೆ ಖರ್ಚು ಮಾಡಬೇಡಿ ಎಂದರು. ಹೊಸ ಫೋನು ಕೊಂಡೆ. ವ್ಯಾಲೆಟ್ ಹಾಕಿದೆ. ಅದು ವಿನಯದಿಂದ ಹನ್ನೆರಡು ಪದಗಳನ್ನು ಕೇಳಿತು.

ಮೊದಲು ಅಕ್ಕನಿಗೆ ಫೋನು ಮಾಡಿದೆ. ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚೀಟಿಯಲ್ಲಿರುವುದನ್ನು ಒಮ್ಮೆ ಓದು ಎಂದೆ. "ಓದುದಿಲ್ಲ" ಎಂದಳು. ನಾನೇ ಎಂದೆ. "ನೀನೇ ಕೇಳಿದರೂ ಹೇಳ್ಬಾರ್ದು ಅಂತ ಹೇಳಿದ್ದು ನೀನೇ ಅಲ್ವಾ? ಈಗ ಮಾತಾಡುದು ನೀನೇ ಅಂತ ನನಗೆ ಎಂತ ಗ್ಯಾರಂಟಿ?" ಎಂದಳು. ನಮ್ಮ ತಾಯಿಯ ತವರಿನ ಹೆಸರು, ನನ್ನ ಮೊಣಕಾಲಿನ ಗಾಯದ ಕಥೆ ಎಲ್ಲವನ್ನೂ ಹೇಳಿದೆ. ಇದೆಲ್ಲ ಊರಿಗೇ ಗೊತ್ತಿರುವ ಸಂಗತಿ ಎಂದು ತಳ್ಳಿಹಾಕಿದಳು. ಚಿಕ್ಕಮ್ಮ ಇನ್ನೂ ಬಿಗಿ. ಆಕೆ ಮೂವತ್ತು ವರ್ಷ ಹಳ್ಳಿಯ ಅಂಚೆ ಕಚೇರಿ ನಡೆಸಿದವಳು. ನನ್ನ ಚೀಟಿಯನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿ ಇಟ್ಟಿದ್ದಳಂತೆ. ಲಕೋಟೆಯನ್ನು ವಿಳಾಸದಾರನ ಎದುರಲ್ಲದೆ ಒಡೆಯುವ ಕ್ರಮವಿಲ್ಲ ಎಂದಳು. ಆದರೂ ವಿಷಯವೇನೆಂದು ಕೇಳಿದಳು. ನಾನು ಎರಡು ಪದರಗಳ ಕುರಿತು ಹತ್ತು ನಿಮಿಷ ವಿವರಿಸಿದೆ. "ಅಂದರೆ ಇಚಿಲಂಪಾಡಿಯನ್ನು ಪುತ್ತೂರಿನಿಂದ ತೆಗೆದು ಕಡಬ ತಾಲೂಕಿಗೆ ಹಾಕಿದ ಹಾಗೆ ಅಲ್ವಾ ಮಗಾ? ಗದ್ದೆ ಇದ್ದಲ್ಲೇ ಉಂಟು. ಫೈಲು ಹೋದದ್ದು" ಎಂದಳು. ಅದನ್ನೇ ಹೇಳಲು ನಾನು ಕೈಪಿಡಿಯಲ್ಲಿ ಹನ್ನೊಂದು ಪುಟ ಬಳಸಿದ್ದೆ.

ಉಳಿದವರು ಪಂಜದ ಭಾವ. ಅವರಿಗೆ ನಾನು ಫೋನು ಮಾಡುವಂತಿರಲಿಲ್ಲ. ನಾವು ಮಾತು ಬಿಟ್ಟು ಒಂದೂವರೆ ವರ್ಷವಾಗಿತ್ತು. ಅವರ ಹೊಸ ಮನೆಯ ಒಕ್ಕಲಿನ, ಎಂದರೆ ಗೃಹಪ್ರವೇಶದ, ದಿನ ಭಾವ ನೆಂಟರಿಷ್ಟರ ಮುಂದೆ ನಿಂತು ಸ್ವಾಗತ ಭಾಷಣ ಮಾಡಿದ್ದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನು ಅಭ್ಯಾಸಬಲದಿಂದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಎಂದು ಬರೆದು ಸಹಿ ಹಾಕಿದ್ದೆ. ಊಟದ ಹೊತ್ತಿಗೆ ಆ ಪತ್ರಿಕೆ ಹೇಗೋ ಭಾವನ ಕೈ ಸೇರಿತ್ತು. ಧಾರಾಳವಾಗಿಯೇ ಕೊಟ್ಟಿದ್ದೇನೆ ಎಂದು ನಾನು ಸಮಜಾಯಿಷಿ ಹೇಳಹೋದದ್ದರಿಂದ ವಿಷಯ ಕೆಟ್ಟಿತು. ಅಂದಿನಿಂದ ಶಶಿಕಲಾ ಒಬ್ಬಳೇ ತವರಿಗೆ ಹೋಗಿ ಬರುತ್ತಿದ್ದಳು. ನಾನು ಏನೂ ಆಗದವನಂತೆ ಮನೆಯಲ್ಲಿ ಕುಳಿತು, ಎಂದೋ ಮುಗಿದ ಅನುವಾದವನ್ನೇ ಮತ್ತೆ ತಿದ್ದುತ್ತಿದ್ದೆ.

ಬೆಳ್ಳಾರೆಯ ಮೂಲಕ ಪಂಜಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕ್ಷಮಾಪಣೆಯ ಮೂರು ಮಾದರಿಗಳನ್ನು ಸಿದ್ಧಪಡಿಸಿಕೊಂಡೆ. ಒಂದನ್ನೂ ಹೇಳಲು ಅವಕಾಶ ಸಿಗಲಿಲ್ಲ. ಭಾವ ರಬ್ಬರ್ ಶೀಟುಗಳನ್ನು ಬಿಸಿಲಿಗೆ ಹಾಕುತ್ತಿದ್ದವರು ನನ್ನನ್ನು ನೋಡಿ, "ಬನ್ನಿ ಮಾಷ್ಟ್ರೆ. ಇಲ್ಲಿ ಭಾಷಣ ಎಂತದ್ದೂ ಇಲ್ಲ, ಧೈರ್ಯದಲ್ಲಿ ಕೂತ್ಕೊಳ್ಳಿ" ಎಂದರು. ಮದುವೆಯಾದಂದಿನಿಂದ ನನ್ನನ್ನು ಭಾವ ಎಂದು ಕರೆಯುತ್ತಿದ್ದ ಬಾಯಿಯಿಂದ ಬಂದ ಆ ಮಾಷ್ಟ್ರೆ ಎಂಬ ಸಂಬೋಧನೆ ನನಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಬಂದ ಕಾರಣವನ್ನು ತಿಳಿಸಿದೆ. ಅವರು ಒಂದು ಶೀಟನ್ನು ಎರಡು ಬಾರಿ ಮಗುಚಿ ಹಾಕಿದರು. ಆಮೇಲೆ, ಭಂಡಾರ ತೆರೆಯುವಾಗ ಮೂರು ಮನೆಯವರೂ ಇರಬೇಕಲ್ಲವೇ, ಭಾನುವಾರ ಇಚಿಲಂಪಾಡಿಗೆ ಬರುತ್ತೇನೆ, ಚೀಟಿ ಅಲ್ಲಿಯೇ ಕೊಡುತ್ತೇನೆ ಎಂದರು. ಚಾ ಬಂತು. ಕುಡಿದು ಹೊರಟೆ; ಚೀಟಿ ಹಿಡಿದು ಅಲ್ಲಿಗೇ ಬಾ ಎಂದು ಅಕ್ಕನಿಗೂ ತಿಳಿಸಿದೆ.

ನವೆಂಬರ್ ಹದಿನೇಳರ ಭಾನುವಾರ ಬೆಳಗ್ಗೆ ಚಿಕ್ಕಮ್ಮನ ಚಾವಡಿಯಲ್ಲಿ ಮೂವರೂ ಸೇರಿದರು. ಚಿಕ್ಕಮ್ಮ ಎಲ್ಲರೆದುರು ಮುದ್ರೆ ಒಡೆದಳು. ಅಕ್ಕ ತನ್ನ ಚೀಟಿಗೆ ಲ್ಯಾಮಿನೇಶನ್ ಮಾಡಿಸಿದ್ದಳು. ಅಂಗಡಿಯವನು ಓದದಿರಲೆಂದು ಬರಹದ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದಳಂತೆ. ಭಾವ ಅಂಗಿಯ ಕಿಸೆಯಿಂದ ಪರ್ಸು ತೆಗೆದು, ಅದರೊಳಗಿನಿಂದ ನಾಲ್ಕು ಮಡಿಕೆಯಾಗಿ ಅಂಚು ಸವೆದಿದ್ದ ಚೀಟಿಯನ್ನು ಬಿಡಿಸಿದರು. ಮಾತು ಬಿಟ್ಟಿದ್ದ ಕಾಲದಲ್ಲಿಯೂ ಅದು ಅಲ್ಲಿಯೇ ಇತ್ತೆಂಬುದು ಆ ಅಂಚನ್ನು ನೋಡಿದರೆ ತಿಳಿಯುತ್ತಿತ್ತು. ನಾನು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಇಟ್ಟವನು ಹಾಗೆಯೇ ನಿಂತೆ.

ಮೂರು ಚೀಟಿಗಳಲ್ಲಿಯೂ ಪದಗಳಿಗೆ ಕ್ರಮಸಂಖ್ಯೆ ಇತ್ತು. ಮೂರರಲ್ಲಿಯೂ ಒಂದು, ಎರಡು, ಮೂರು, ನಾಲ್ಕು. ಪ್ರತಿ ಹಾಳೆಯನ್ನೂ ಒಂದರಿಂದಲೇ ಆರಂಭಿಸಬೇಕೆಂದು ಇಪ್ಪತ್ತಾರು ವರ್ಷ ಮಕ್ಕಳಿಗೆ ಕಲಿಸಿದ ಕೈ ತಾನೂ ಹಾಗೆಯೇ ಮಾಡಿತ್ತು. ಯಾವ ಚೀಟಿ ಮೊದಲನೆಯದು, ಯಾವುದು ಕೊನೆಯದು ಎಂಬ ಗುರುತು ಎಲ್ಲಿಯೂ ಇರಲಿಲ್ಲ. ಪದಗಳು ಕೊಟ್ಟ ಕ್ರಮದಲ್ಲಿಯೇ ಇಲ್ಲದಿದ್ದರೆ ಪೆಟ್ಟಿಗೆ ತೆರೆಯದು ಎಂಬ ವಾಕ್ಯವನ್ನು ಕನ್ನಡಕ್ಕೆ ತಂದವನೂ ನಾನೇ. ಅದನ್ನು ದಪ್ಪಕ್ಷರದಲ್ಲಿ ಮುದ್ರಿಸಬೇಕೆಂದು ಸಂಸ್ಥೆಗೆ ಶಿಫಾರಸು ಮಾಡಿದವನೂ ನಾನೇ. "ಹಾಗಾದರೆ ಎಂತ ಮಾಡುದು?" ಎಂದು ಅಕ್ಕ ಕೇಳಿದಳು. ಮೂರು ಚೀಟಿಗಳನ್ನು ಆರು ರೀತಿಯಲ್ಲಿ ಜೋಡಿಸಬಹುದು, ಒಂದಲ್ಲ ಒಂದು ಸರಿಯಾಗಲೇಬೇಕು ಎಂದೆ.

ಹಿರಿತನದ ಪ್ರಕಾರ ಹೊರಡುವುದೇ ಕ್ರಮವೆಂದು ಚಿಕ್ಕಮ್ಮ, ಅಕ್ಕ, ಭಾವ ಎಂಬ ಸಾಲಿನಲ್ಲಿ ಪದಗಳನ್ನು ತುಂಬಿದೆ. ಒಪ್ಪಲಿಲ್ಲ. ಅಕ್ಕನನ್ನೂ ಭಾವನನ್ನೂ ಅದಲುಬದಲು ಮಾಡಿದೆ. ಒಪ್ಪಲಿಲ್ಲ. ರಕ್ತಸಂಬಂಧದಲ್ಲಿ ತಾನೇ ಮೊದಲು, ಇದನ್ನು ಕೇಳಬೇಕಿತ್ತೇ ಎಂದಳು ಅಕ್ಕ. ಅವಳನ್ನು ಮುಂದಿಟ್ಟು ಚಿಕ್ಕಮ್ಮನನ್ನು ನಡುವೆ ಹಾಕಿದಾಗ ಪೆಟ್ಟಿಗೆ ತಟ್ಟನೆ ತೆರೆದುಕೊಂಡಿತು. ಒಳಗೆ ಏನೂ ಇರಲಿಲ್ಲ. ದೊಡ್ಡದೊಂದು ಸೊನ್ನೆ. ಯಾರೋ ಕದ್ದಿದ್ದಾರೆ ಎಂದು ಅಕ್ಕ ಆಗಲೇ ಶಂಕಿತರ ಹೆಸರು ಹೇಳತೊಡಗಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನನಗೆ ಹೊಳೆಯಿತು: ತಪ್ಪು ಕ್ರಮವೂ ಅಪರೂಪಕ್ಕೊಮ್ಮೆ ಒಂದು ಪೆಟ್ಟಿಗೆಯನ್ನು ತೆರೆಯುತ್ತದೆ, ಆದರೆ ಅದು ನಮ್ಮದಲ್ಲ, ಇನ್ನೂ ಯಾರೂ ವಾಸಕ್ಕೆ ಬಾರದ ಪೆಟ್ಟಿಗೆ. ಅದೇ ಹನ್ನೆರಡು ಪದಗಳಿಂದ ಕಟ್ಟಿದ ಬೇರೊಂದು ಖಾಲಿ ಮನೆ ಎಲ್ಲೋ ಇದೆ ಎಂಬ ವಿಚಾರ ಬಹಳ ಸ್ವಾರಸ್ಯದ್ದು ಎಂದು ನಾನು ವಿವರಿಸಲು ಹೊರಟೆ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾಲ್ಕನೆಯ ಜೋಡಣೆಯೂ ಒಪ್ಪಲಿಲ್ಲ.

ಉಳಿದದ್ದು ಎರಡು. ಎರಡರಲ್ಲಿಯೂ ಭಾವನ ಚೀಟಿಯೇ ಮೊದಲು. ಅದನ್ನು ಅಷ್ಟು ಹೊತ್ತು ಮೊದಲಿಗಿಡದೇ ಇದ್ದದ್ದು ಏಕೆಂದು ನನ್ನನ್ನೇ ಕೇಳಿಕೊಂಡರೆ ಉತ್ತರ ಸರಳ: ಅವರಿಗೆ ಮೊದಲ ಸ್ಥಾನವನ್ನು ನಾನು ಕೊಟ್ಟಿರಬಹುದೆಂದು ನನಗೇ ನಂಬಿಕೆ ಇರಲಿಲ್ಲ. ಭಾವ ಅಷ್ಟರವರೆಗೆ ಒಂದು ಮಾತೂ ಆಡದೆ ನೀರುದೋಸೆ ತಿನ್ನುತ್ತಿದ್ದರು. ಕೈ ತೊಳೆದು ಬಂದು ತಮ್ಮ ಚೀಟಿಯನ್ನು ಎತ್ತಿ ಎಡತುದಿಯಲ್ಲಿಟ್ಟರು. ಅದರ ಪಕ್ಕ ಅಕ್ಕನದು, ಕೊನೆಗೆ ಚಿಕ್ಕಮ್ಮನದು. "ಇದು ಸರಿ. ನೀವು ಚೀಟಿ ಕೊಡ್ಲಿಕ್ಕೆ ಮೊದಲು ಬಂದದ್ದು ನನ್ನಲ್ಲಿಗೆ ಭಾವ. ಬೆಳಿಗ್ಗೆ ಏಳೂವರೆಗೆ. ಚಾ ಕೂಡ ಆಮೇಲೆಯೇ ಕುಡಿದದ್ದು" ಎಂದರು. ಪದಗಳನ್ನು ತುಂಬಿದೆ. ತೆರೆಯಿತು. ನನ್ನ ಟೋಕನ್ನುಗಳು ಇಟ್ಟಲ್ಲಿಯೇ ಇದ್ದವು.

ಇಷ್ಟು ಹೊತ್ತು ಏಕೆ ಹೇಳಲಿಲ್ಲ ಎಂದು ಕೇಳಿದೆ. "ನಿಮಗೆ ನೆನಪಾಗ್ತದಾ ಅಂತ ನೋಡಿದ್ದು" ಎಂದರು. ಸಾಗಾಟದ ಗುಂಡಿ ಒತ್ತುವ ನೆಪದಲ್ಲಿ ಕನ್ನಡಕ ತೆಗೆದು ಒರೆಸಿಕೊಂಡೆ. ಹತ್ತು ನಿಮಿಷದಲ್ಲಿ ಹಳೆಯ ಕಡೆ ಬೀಗ ಬಿದ್ದು ಹೊಸ ಪದರದಲ್ಲಿ ನನ್ನ ಹೆಸರಿನ ಅಂಕಿ ಕಾಣಿಸಿಕೊಂಡಿತು. ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಂತೋಷದ ಭರದಲ್ಲಿ ನಾನು, ಮೊದಲು ಅಕ್ಕನಲ್ಲಿಗೆ ಹೋಗದೆ ಪಂಜಕ್ಕೆ ಏಕೆ ಹೋಗಿದ್ದೆನೋ ಎಂದು ಗಟ್ಟಿಯಾಗಿ ಆಶ್ಚರ್ಯಪಟ್ಟೆ. ಭಾವ ಮೋಸವಿಲ್ಲದ ಮನುಷ್ಯ. ಕೇಳಿದ್ದಕ್ಕೆ ಉತ್ತರ ಕೊಟ್ಟರು. "ಅಕ್ಕನ ಬಾಯಲ್ಲಿ ಗುಟ್ಟು ಎರಡು ದಿವಸ ನಿಲ್ಲುದಿಲ್ಲ, ಅದಕ್ಕೆ ಮೊದಲನೆಯದ್ದು ನಿಮಗೆ ಅಂತ ನೀವೇ ಹೇಳಿದ್ದಲ್ವಾ?"

ಅಕ್ಕ ಲ್ಯಾಮಿನೇಶನ್ ಚೀಟಿಯನ್ನು ಮೇಜಿನಿಂದ ಎತ್ತಿಕೊಂಡಳು. "ಎರಡು ವರ್ಷ ಆಯ್ತು. ನಾನು ನಿನಗೇ ಹೇಳ್ಲಿಲ್ಲ ಮಾರಾಯ" ಎಂದಳು. ಊಟಕ್ಕೆ ನಿಲ್ಲದೆ ಹೊರಟುಹೋದಳು. ಅನಂತರ ಮೂರು ವಾರ ಅವಳು ನನ್ನ ಫೋನು ಎತ್ತಲಿಲ್ಲ.

ಕೊನೆಗೆ ನಾನೇ ಈಶ್ವರಮಂಗಲಕ್ಕೆ ಹೋದೆ. ಜಗಲಿಯಲ್ಲಿ ಅರ್ಧ ಗಂಟೆ ಕುಳಿತ ಮೇಲೆ ಹೊರಗೆ ಬಂದಳು. ಆ ಮಾತನ್ನು ಆಡಿದ್ದು ಹೌದು, ಅದು ಶುದ್ಧ ಸುಳ್ಳು ಎಂದು ಒಪ್ಪಿಕೊಂಡೆ. ಬಾಯಿಮಾತು ಬೇಡ, ಬರೆದು ಕೊಡು ಎಂದಳು. ಒಂದು ಹಾಳೆಯಲ್ಲಿ ಚೊಕ್ಕವಾಗಿ ಬರೆದು ಸಹಿ ಹಾಕಿ ಕೊಟ್ಟೆ. ಕನ್ನಡಕ ತರಿಸಿಕೊಂಡು ನಿಧಾನವಾಗಿ ಎರಡು ಸಲ ಓದಿದಳು. ಹಾಳೆಯನ್ನು ನನ್ನ ಕಡೆಗೆ ಚಾಚಿ, "ತಾರೀಕು ಹಾಕ್ಲಿಲ್ಲ" ಎಂದಳು. ಹಾಕಿದೆ: ೮ ಡಿಸೆಂಬರ್ ೨೦೨೪, ಭಾನುವಾರ.