ಸಾವುಕಾರ ಸತ್ತನೋ, ಇಲ್ಲವೋ

ಓದಿದವಳಿಗೆ ಹೊಟ್ಟೆಕಿಚ್ಚು ಇರಬಾರದು ಅನ್ನುತ್ತಾರೆ. ನನಗಂತೂ ಪ್ರತಿ ಶನಿವಾರ ಸಂಜೆ, ಪತ್ತೇದಾರಿ ಧಾರಾವಾಹಿ ಮುಗಿದ ಕೂಡಲೇ, ತಪ್ಪದೆ ಬರುತ್ತದೆ. ಇಂಡಿ ಊರಿನ ನಮ್ಮ ಓಣಿಗೆ ಬಿ.ಎ. ಮುಗಿಸಿ ಬಂದ ಮೊದಲ ಸೊಸೆ ನಾನು. ಸಿಲಿಂಡರ್ ಹಚ್ಚಿದ ತಾರೀಖಿನಿಂದ ಹಿಡಿದು ಮೊಮ್ಮಕ್ಕಳ ಹಲ್ಲು ಬಿದ್ದ ದಿನದವರೆಗೆ ಎಲ್ಲವನ್ನೂ ಬರೆದಿಡುವವಳು. ಹಾಗಾಗಿ ಕೊಲೆ ಮಾಡಿದವರು ಯಾರು ಅಂತ ಹೆಂಗಸರೆಲ್ಲ ನನ್ನನ್ನೇ ಕೇಳುತ್ತಿದ್ದರು. ಅದು ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಮಗ್ಗಲು ಮನೆಗೆ ಬರುವ ತನಕ. ತವರು ಮುದ್ದೇಬಿಹಾಳ. ಓದಿದ್ದು ಏಳನೇ ಕ್ಲಾಸು.

ಚಹಾ

ಆ ವಾರ ಧಾರಾವಾಹಿಯಲ್ಲಿ ಒಬ್ಬ ಸಾವುಕಾರ ಸತ್ತಿದ್ದ. ಪಡಸಾಲೆಯಲ್ಲಿ ಹೆಣ, ಮುಖವೂ ಮುಚ್ಚುವ ಹಾಗೆ ಬಿಳಿ ಬಟ್ಟೆ. ಸೊಸೆ ಇನ್‌ಸ್ಪೆಕ್ಟರನಿಗೆ ಚಹಾ ತಂದುಕೊಟ್ಟಳು. ಆತ ಚಹಾದ ಕಪ್ಪು ನೋಡಿ ನಕ್ಕ. ಅಷ್ಟೇ, ಆ ವಾರದ ಕಂತು ಮುಗಿಯಿತು.

"ಕೊಂದವನು ಸಾವುಕಾರನ ಲೆಕ್ಕ ಬರೆಯುವ ಕಾರಕೂನ. ಅವನ ಕೈ ನಡುಗುತ್ತಿತ್ತು," ಅಂತ ನಾನು ತೀರ್ಪು ಕೊಟ್ಟೆ. ಎಲ್ಲರೂ ತಲೆಯಾಡಿಸಿದರು.

ನೆಗೆಣ್ಣಿ ಮೂಲೆಯಿಂದ ಅಂದಳು: "ಅಲ್ರಿ ಅಕ್ಕಾರ, ಹೆಣ ಇಟ್ಟ ಮನ್ಯಾಗ ಯಾರರೆ ಒಲಿ ಹಚ್ತಾರೇನ್ರಿ? ಆಕಿ ಬಿಸಿ ಬಿಸಿ ಚಾ ಮಾಡ್ಯಾಳಂದ್ರ, ಮಾವ ಸತ್ತಿಲ್ಲ ಅಂತ ಆಕಿಗೆ ಗೊತ್ತೈತಿ!"

ಮನೆಯೆಲ್ಲ ಚಪ್ಪಾಳೆ. ಆಕೆಗೆ ಮೊದಲು ಚಪ್ಪಾಳೆ ತಟ್ಟಿದವರು ನಮ್ಮ ಯಜಮಾನರು. ನನ್ನ ಬಿ.ಎ. ಸರ್ಟಿಫಿಕೇಟು ಬಂದ ದಿನ ಅವರು ಆಕಳಿಸಿದ್ದರು.

ಫೋನು

ಮರುದಿನ ಸಿಂದಗಿಯಿಂದ ಬೀಗತಿಯ ಫೋನು. ನನ್ನ ಮಗಳ ಅತ್ತೆ ಆಕೆ, ಆಕೆಯೂ ಅದೇ ಧಾರಾವಾಹಿ ನೋಡುವವಳು. ನಾನು ಉತ್ಸಾಹದಿಂದ ಕಾರಕೂನನ ಕೈಯ ಸುದ್ದಿ ತೆಗೆದೆ.

"ಅದಿರ್ಲಿ ಬಿಡ್ರಿ ಬೀಗತೇರ, ನಿಮ್ಮ ನೆಗೆಣ್ಣಿ ಕಡೆ ಫೋನ್ ಕೊಡ್ರಿ. ಚಾದ ಸುದ್ದಿ ಇಲ್ಲಿ ತನಕ ಬಂದೈತಿ!"

ಕೊಟ್ಟೆ. ಬ್ಯಾಟರಿ ಮುಗಿಯಲಿಕ್ಕೆ ಬಂತು, ಮಾತು ಮುಗಿಯಲಿಲ್ಲ. ಕೊನೆಗೆ ಚಾರ್ಜರಿನ ವಾಯರು ಹಿಡಿದು ಆಕೆಯ ಪಕ್ಕದಲ್ಲಿ ನಿಂತೆ. ಫೋನು ನನ್ನದು, ಕರೆಂಟು ನನ್ನದು, ಬೀಗತಿಯೂ ನನ್ನವಳೇ. ಕೀರ್ತಿ ಮಾತ್ರ ಮುದ್ದೇಬಿಹಾಳದ್ದು.

ಗಡಿಯಾರ

ಸುಮ್ಮನಿರಲು ನಾನೇನು ಓದದವಳೇ? ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿ ಒಂದು ಸುಳಿವು ಹಿಡಿದೆ. ಬಸವನ ಬಾಗೇವಾಡಿಯಲ್ಲಿ ನನ್ನ ತಂಗಿಯ ಸೊಸೆಯ ಕುಬಸವಿತ್ತು. ಬಸುರಿಯನ್ನು ಕೂಡಿಸಿ ಆರತಿ ಮಾಡುವ ಹೊತ್ತಿಗೆ, ತುಂಬಿದ ಸಭೆಯಲ್ಲೇ ಹೇಳಿದೆ: "ಮುಂಜಾನೆಗೂ ಸಂಜೆಗೂ ಆ ಸಾವುಕಾರನ ಮನಿ ಗೋಡೆ ಗಡಿಯಾರದಾಗ ಒಂದೇ ಟೈಮ್ ಐತಿ. ಕೊಲೆಗಾರ ಬೇಕಂತಲೇ ಅದನ್ನ ನಿಲ್ಲಿಸ್ಯಾನ!"

ನೆಗೆಣ್ಣಿ ಬಹಳ ಮರ್ಯಾದೆಯಿಂದ ಕೇಳಿದಳು: "ಅಕ್ಕಾರ, ನಿಮ್ಮ ಪಡಸಾಲಿ ಗಡಿಯಾರನೂ ದೀಪಾವಳಿಯಿಂದ ನಿಂತೈತಿ. ನೀವ್ಯಾರನ್ನ ಕೊಂದೀರಿ?"

ಹೆಂಗಸರೆಲ್ಲ ಆರತಿ ತಾಟು ಕೆಳಗಿಟ್ಟು ನಕ್ಕರು. ನಗದೇ ಇದ್ದದ್ದು ಹೊಟ್ಟೆಯೊಳಗಿನ ಕೂಸೊಂದೇ. ಬಸುರಿ ಹೊಟ್ಟೆ ಕುಣಿಸಿ ಕುಣಿಸಿ ನಕ್ಕ ರೀತಿ ನೋಡಿದರೆ ಅದನ್ನೂ ಖಾತ್ರಿಯಾಗಿ ಹೇಳಲಾರೆ.

ಪೇಡೆ

ಮುಂದಿನ ಶನಿವಾರ ನಿಜ ಗೊತ್ತಾಗುವುದಿತ್ತು. ಹೆಂಗಸರು ನೆಗೆಣ್ಣಿಯ ಮನೆಗೆ ಹೋಗಬಾರದೆಂದು ಪೇಡೆ ತರಿಸಿಟ್ಟು, ಓಣಿಯನ್ನೆಲ್ಲ ನಮ್ಮ ಮನೆಗೇ ಕರೆದೆ. ನೆಗೆಣ್ಣಿಯನ್ನು ಮುಂದಿನ ಸಾಲಿನಲ್ಲೇ ಕೂಡಿಸಿದೆ. ಸೋಲುವವರು ಹತ್ತಿರದಿಂದ ನೋಡಬೇಕು.

ಇನ್‌ಸ್ಪೆಕ್ಟರ್ ಬಟ್ಟೆ ಸರಿಸಿದ. ಡಾಕ್ಟರು ನಾಡಿ ಹಿಡಿದು ತಲೆ ಅಲ್ಲಾಡಿಸಿದರು. ಸಾವುಕಾರ ಪೂರ್ತಿ ಸತ್ತಿದ್ದ!

ನನಗೆ ಮೈಮೇಲೆ ಖಬರಿರಲಿಲ್ಲ. "ಸತ್ತಾನ! ಖರೇನ ಸತ್ತಾನ!" ಅಂತ ಎದ್ದು ಚೀರಿದೆ. ಪೇಡೆ ಡಬ್ಬಿ ಬಿಚ್ಚಿ ಒಬ್ಬೊಬ್ಬರ ಬಾಯಿಗೂ ತುರುಕಿದೆ. ನೆಗೆಣ್ಣಿಯ ಬಾಯಿಗೆ ಎರಡು. ನಾನು ಕೂಡುವಷ್ಟರಲ್ಲಿ ಇನ್‌ಸ್ಪೆಕ್ಟರ್ ಟೊಪ್ಪಿಗೆ ಹಾಕಿಕೊಂಡು ಜೀಪು ಹತ್ತುತ್ತಿದ್ದ. ಕೊಂದವರ ಹೆಸರು ನನ್ನ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ.

"ಮೊಬೈಲಿನ್ಯಾಗ ಮತ್ತ ಹಾಕಿ ನೋಡೂಣ," ಅಂದೆ.

"ಬ್ಯಾಡ ತಗೋವಾ," ಅಂದಳು ಎದುರು ಮನೆಯ ಅಜ್ಜಿ. "ಅದರಾಗ ಹೇಳೋದ್ಕಿಂತ ನಿನ್ನ ನೆಗೆಣ್ಣಿ ಹೇಳೋದ ಚಂದ ಇರ್ತೈತಿ." ನೆಗೆಣ್ಣಿಯ ಕಡೆ ತಿರುಗಿದಳು: "ಹೇಳವಾ, ಯಾರು ಕೊಂದ್ರು?"

ಸತ್ತವನನ್ನು ಬದುಕಿದ್ದಾನೆ ಅಂದವಳ ಸುತ್ತ ಎಲ್ಲರೂ ಸರಿದು ಕೂತರು. ನನ್ನ ಪಕ್ಕ ಉಳಿದದ್ದು ಖಾಲಿ ಡಬ್ಬಿ.

ನೆಗೆಣ್ಣಿ ಎರಡೂ ಪೇಡೆಗಳನ್ನು ಸಾವಕಾಶ ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದಳು:

"ಕಾರಕೂನನೂ ಅಲ್ಲ, ಸೊಸಿನೂ ಅಲ್ಲ. ಸತ್ತ ಸುದ್ದಿ ಕೇಳಿ ಪೇಡೆ ಹಂಚಿದವರ ಮ್ಯಾಲೇ ನನಗ ಸಂಶಯ!"