ನಮ್ಮ ಮೈದುನ ದೊಡ್ಡ ಮನಷ್ಯಾ ಆದದ್ದು

ದೊಡ್ಡ ಮನಷ್ಯಾ ಆಗಬೇಕು ಅನ್ನಾವರು ನಮ್ಮ ಮೈಂದರ್ಗಿಯೊಳಗ ಓಣಿಗೊಬ್ಬರು ಸಿಗತಾರ. ನಗಾಕ ನಾ ದೂರ ಹೋಗೂದು ಬ್ಯಾಡ, ನಮ್ಮನ್ಯಾಗೇ ಒಬ್ಬ ಅದಾನ. ನನ್ನ ಮೈದುನ. ಮೂವತ್ತು ವರ್ಸ ಅಕ್ಕಲಕೋಟಿ ಬಸ್ಸಿನ ಕಂಡಕ್ಟರ್ ಇದ್ದ. ರಿಟೈರ್ ಆದ ಮ್ಯಾಲ ಒಂದೇ ಹಟ.

"ವೈನಿ, 'ಮುಂದ ಸರೀರಿ, ಮುಂದ ಸರೀರಿ' ಅಂತ ಮಂದೀನೆಲ್ಲಾ ಮುಂದ ಕಳಿಸಿ ನಾ ಹಿಂದ ಉಳದೆ. ಒಮ್ಮೆರೆ ಶಾಲು ಹೊಚ್ಚಿಸಿಕೊಂಡು, ನಾಕ ಮಾತು ಆಡಬೇಕು, ಎಲ್ಲಾರೂ ಕೇಳಬೇಕು ನೋಡು."

೧. ಫ್ಲೆಕ್ಸಿನ ಮಾರಿ

ಒಬ್ಬ ಪುಢಾರಿ ಹುಟ್ಟಿದ ದಿನಕ್ಕ ಚೌಕಿನ್ಯಾಗ ಫ್ಲೆಕ್ಸ್ ಹಚ್ಚಿದ್ರು. ಮ್ಯಾಲ ಪುಢಾರಿ, ಕೆಳಗ ಶುಭಾಶಯ ಹೇಳಾವರ ಸಾಲು. ಮೈದುನ ಕರೀ ಗಾಗಲ್ ಹಾಕ್ಕೊಂಡು ಫೋಟೋ ತೆಗಿಸಿ ಕೊಟ್ಟಿದ್ದ. ಅಂಗಿ ಗುಂಡಿಯಷ್ಟು ಮಾರಿ ಬಂದಿತ್ತು.

ಫ್ಲೆಕ್ಸ್ ಇಳಿಸಿದ ಮ್ಯಾಲ ನಾ ಅದನ್ನ ಬೇಡಿ ತಂದು ನಮ್ಮ ಎಮ್ಮಿ ಮೇವಿನ ಕಣಕಿ ಬಣವಿಗೆ ಹೊಚ್ಚಿದೆ. ಮೈದುನ ನೋಡಿ ಸಪ್ಪಗಾದ.

"ವೈನಿ, ನನ್ನ ಮಾರಿ ಎಮ್ಮಿ ಕಡೆ ಬಂದೈತಲ್ಲ?"

"ಇರಲಿ ಬಿಡೋ ತಮ್ಮಾ. ಪುಢಾರಿ ಮಾರಿ ಮಡಚಿ ಒಳಗ ಸಿಕ್ಕೈತಿ. ದಿನಾ ಎರಡು ಹೊತ್ತು ತಲಿ ಎತ್ತಿ ನೋಡಾವರು ನಿನಗೇ ಸಿಕ್ಕಾರ."

೨. ಫೇಟಾ

ಸೋಲಾಪುರದ ವಿಜಾಪುರ ರಸ್ತೇದಾಗ ಒಂದು ಮದವಿ. ಮಾನದ ಮಂದೀಗೆ ಫೇಟಾ ಸುತ್ತತಿದ್ರು. ಮೈದುನ ಮುಂದಿನ ಕುರ್ಚಿಯೊಳಗ ಕುಂತು ಕುಂತು ಒಂದು ಸುತ್ತಿಸಿಕೊಂಡ. ಫೇಟಾ ನೋಡಿ ಅಡಗೀಯಾವ ಇವನೇ ಹುಡಿಗಿ ಅಪ್ಪ ಅಂತ ತಿಳಕೊಂಡ. "ಕಾಕಾ, ಜಾಮೂನು ತೀರಿದವು, ಏನ ಮಾಡ್ಲಿ?" ಬಾಜಾದವರು ಬಂದ್ರು, "ಕಾಕಾ, ಚಹಾ ಎಲ್ಲಿ?" ಎಲ್ಲಾರಿಗೂ ಹೂಂ ಅಂದು ಓಡ್ಯಾಡಿ, ತಾ ಉಪಾಸ ಮನಿಗೆ ಬಂದ.

ನಾ ರೊಟ್ಟಿ ಬಡದು ಹಾಕಿದೆ. "ಫೇಟಾ ತೆಗದು ಉಣ್ಣೋ."

"ಬ್ಯಾಡ ವೈನಿ, ಓಣ್ಯಾಗ ಇನ್ನೂ ಯಾರೂ ನೋಡಿಲ್ಲ."

೩. ಭಾಷಣಾ

ಕಡೀಕ ನಮ್ಮ ಓಣಿ ಮಂಡಳದವರು ಗುಡಿ ಮುಂದ ಇವನ ಸತ್ಕಾರ ಇಟ್ರು. ಎರಡು ತಿಂಗಳು ಭಾಷಣಾ ಬಾಯಿಪಾಠ ಮಾಡಿ ಎಮ್ಮಿ ಮುಂದ ಒಪ್ಪಿಸಿದ್ದ. ಶಾಲು ಹೊಚ್ಚಿದ್ರು, ತೆಂಗಿನಕಾಯಿ ಕೊಟ್ರು. ಮೈಕ್ ಹಿಡದು, "ಬಂಧು-ಭಗಿನಿಯರೇ" ಅಂದ.

ಹಿಂದಿನಿಂದ ಯಾರೋ, "ನಳಕ್ಕ ನೀರು ಬಿಟ್ಟಾನ" ಅಂದ್ರು.

ನಮ್ಮಲ್ಲಿ ನೀರು ದಿನಾ ಬರೂದಿಲ್ಲ. ಕಣ್ಣ ಮುಚ್ಚಿ ತೆಗಿಯೂದ್ರಾಗ ಗುಡಿ ಮುಂದ ಖಾಲಿ. ಅಧ್ಯಕ್ಷರು ಚಪ್ಪಲಿ ಬಿಟ್ಟೇ ಓಡಿದ್ರು. ಉಳದಾಕಿ ನಾನೊಬ್ಬಾಕಿ. "ವೈನಿ, ನೀನರೆ ಕೇಳು" ಅಂದ. ಅಷ್ಟರಾಗ ನನ್ನ ನೆಗೆಣ್ಣಿ, ಅವನ ಹೇಣ್ತಿ, ಮೂಲಿಯಿಂದ ಕೂಗಿದಳು: "ಭಾಷಣಾ ಎಲ್ಲಿ ಹೋಗತೈತ್ರಿ, ಮೊದಲ ಕೊಡಾ ಹಿಡೀ ಬರ್ರಿ."

ಶಾಲು ಹೊತ್ತೇ ಪಾಳಿಯೊಳಗ ಕಡೀಗೆ ನಿಂತ. ನೀರು ಬಿಡಾವ ನಳಾ ಬಂದ್ ಮಾಡಾಕ ಸೈಕಲ್ ಮ್ಯಾಲ ಬಂದೇ ಬಿಟ್ಟ. ಅರ್ಧ ಓಣಿ ಕೊಡಾ ಇನ್ನೂ ಖಾಲಿ.

ಮೈದುನ ಏನ ಮಾಡಿದ ಅಂತೀರಿ, ಶಾಲು ತೆಗದು ಅವನಿಗೆ ಹೊಚ್ಚಿದ, ಕಾಯಿ ಕೈಯಾಗ ಇಟ್ಟ, ಎರಡು ತಿಂಗಳ ಭಾಷಣಾ ಸುರು ಮಾಡಿದ. ಶಾಲು ಹೊಚ್ಚಿಸಿಕೊಂಡಾವ ಭಾಷಣದ ನಡುವ ಎದ್ದು ಹ್ಯಾಂಗ ಹೋಗತಾನ? ಕೈ ಮುಗದು ನಿಂತ. ನೀರು ಹರದೇ ಹರದವು. ಮೈದುನ ಉಸುರು ತಗೊಳ್ಳಾಕ ನಿಂತ್ರ ಸಾಕು, ಹೆಣಮಕ್ಕಳೆಲ್ಲಾ, "ಇನ್ನಷ್ಟು ಮಾತಾಡ್ರಿ ಮಾಮಾ, ಭಾಳ ಚಲೋ ಮಾತಾಡತೀರಿ" ಅನ್ನಾವರು.

ಕಡೀ ಕೊಡಾ ತುಂಬಿತು. ಚಪ್ಪಾಳಿ ಬಿತ್ತು. ಮೈದುನ ಕಣ್ಣ ಒರಸಿಕೊಂಡ.

ನೀರು ಬಿಡಾವ ಶಾಲಿನ ಅಂಚು ತಿರುವಿ ನೋಡಿದ. "ಕಾಕಾ, ಇದು ಮೊನ್ನೆ ನಾನೇ ನಿಮ್ಮ ಮಂಡಳಕ್ಕ ಕೊಟ್ಟ ಶಾಲು. ನೀರು ಬಂದ್ ಮಾಡಾಕ ಹೋದ ಓಣಿಯೊಳಗೆಲ್ಲಾ ಒಂದೊಂದು ಹೊಚ್ಚತಾರ, ನಮ್ಮನ್ಯಾಗ ಇಡಾಕ ಜಾಗಾ ಇಲ್ರಿ."