ಬಿಟ್ಟವರ ಜಗಲಿ

ಕುಡಿಯುವವನಿಗೆ ಎಡವಟ್ಟು ತಪ್ಪಿದ್ದಲ್ಲ, ಅದು ಎಲ್ಲರಿಗೂ ಗೊತ್ತು. ಬಿಡಲು ಹೊರಟವನಿಗೆ ಅದಕ್ಕಿಂತ ಹೆಚ್ಚು ಎಡವಟ್ಟುಗಳು ಕಾದಿರುತ್ತವೆ ಅಂತ ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿದ್ದ ಕಾಲ. ನಾನು ಕಾರ್ಗಲ್ ಕಾಲೋನಿಯಲ್ಲಿ ಫಿಟ್ಟರ್. ನನ್ನ ಸಾರಾಯಿ ವಾಸನೆ ತಡೆಯಲಾರದೆ ಹೆಂಡತಿ ಟ್ರಂಕು ಹಿಡಿದು ತೀರ್ಥಹಳ್ಳಿಯ ತವರಿಗೆ ಹೋಗಿದ್ದಳು. ಹೋಗುವಾಗ ಹೇಳಿದ್ದಿಷ್ಟೇ: "ಬಿಟ್ಟ ಮೇಲೆ ಹೇಳಿ ಕಳ್ಸಿ, ಬರ್ತೀನಿ. ಅಲ್ಲೀವರೆಗೆ ಆ ಕಡೆ ತಲೆ ಹಾಕ್ಬೇಡಿ." ಅವಳಿಲ್ಲದ ಕ್ವಾರ್ಟರ್ಸಿನಲ್ಲಿ ನನಗೆ ಅನ್ನವೂ ಸೇರುತ್ತಿರಲಿಲ್ಲ.

೧. ಏನು ಬಿಟ್ಟವರು?

ಕಾಲೋನಿಯ ಕಾಂಪೌಂಡರು ಗುಟ್ಟಾಗಿ ಒಂದು ದಾರಿ ಹೇಳಿದ. ಸಾಗರದಲ್ಲಿ ರಿಟೈರಾದ ಮೇಷ್ಟ್ರೊಬ್ಬರಿದ್ದಾರೆ, ಅವರೂ ಒಂದು ಕಾಲದ ಕುಡುಕರೇ, ಪ್ರತಿ ಶನಿವಾರ ಕುಡಿತ ಬಿಟ್ಟವರನ್ನೂ ಬಿಡಬೇಕೆಂದವರನ್ನೂ ತಮ್ಮ ಜಗಲಿಯಲ್ಲಿ ಕೂರಿಸುತ್ತಾರೆ. ಮನೆ ಎಲ್ಲಿ ಅಂತ ಅವನಿಗೂ ಗೊತ್ತಿರಲಿಲ್ಲ. ಸಾಗರದ ಹೋಟೆಲೊಂದರಲ್ಲಿ ಕೇಳೋಣವೆಂದರೆ 'ಕುಡಿತ' ಎಂಬ ಶಬ್ದ ಎತ್ತಲು ನಾಚಿಕೆಯಾಯಿತು.

"ಇಲ್ಲಿ ಬಿಟ್ಟವರೆಲ್ಲ ಸೇರ್ತಾರಂತಲ್ಲ, ಎಲ್ಲಿ?" ಅಂದೆ.

ಹೋಟೆಲಿನವರ ಮುಖ ಸಣ್ಣಗಾಯಿತು. "ಯಾವ ಕಡೆಯೋರು?"

"ಕಾರ್ಗಲ್ ಕಡೆ."

"ಅಯ್ಯೋ ಪಾಪ. ಗದ್ದೆ ಹೋಯ್ತಾ?"

"ಗದ್ದೆ ಇರ್ಲಿಲ್ಲ. ಹೆಂಡ್ತಿ ಹೋದ್ಲು."

"ಶಿವ ಶಿವಾ! ನೀರಿಂದ್ಲಾ?"

"ಹ್ಞೂಂ," ಅಂದೆ ತಲೆ ತಗ್ಗಿಸಿ. "ಒಂಥರಾ ನೀರಿಂದ್ಲೇ."

ಅವರು ಕಣ್ಣೊರೆಸಿಕೊಂಡು, ಮುಳುಗಡೆಯಲ್ಲಿ ಮನೆ, ಜಮೀನು ಬಿಟ್ಟವರು ಪರಿಹಾರಕ್ಕೆ ಬರುವ ಕಚೇರಿಯ ದಾರಿ ತೋರಿಸಿದರು. ಹೋಗಿ ನೋಡಿದರೆ ಬೀದಿಯವರೆಗೂ ಸಾಲು. ಇಷ್ಟು ಜನ ಬಿಡುತ್ತಿದ್ದಾರಲ್ಲ ಅಂತ ನನಗೂ ಹುರುಪು ಬಂದು ನಿಂತುಕೊಂಡೆ. ನನ್ನ ಸರದಿ ಬಂದಾಗ ಗುಮಾಸ್ತರು ತಲೆ ಎತ್ತದೆ ಕೇಳಿದರು, "ನಿಮ್ಮದು ಎಷ್ಟು ಬಿಟ್ಟಿದ್ದು?"

"ಅರ್ಧ ಬಿಟ್ಟಿದೀನಿ ಸ್ವಾಮಿ. ಸಂಜೇದು ಇನ್ನೂ ಇದೆ."

೨. ಎತ್ತಿನ ಚಟ

ಮೇಷ್ಟ್ರ ಮನೆ ತೋರಿಸಿದವರು ಆ ಗುಮಾಸ್ತರೇ. ಅವರೂ ಶನಿವಾರದ ಗಿರಾಕಿ!

ಜಗಲಿಯಲ್ಲಿ ಉಪದೇಶ ಇರಲಿಲ್ಲ. ಚಾಪೆ ಮೇಲೆ ಕೂತು ಒಬ್ಬೊಬ್ಬರೂ ತಮ್ಮ ಪಾಡು ಹೇಳುವುದು, ಉಳಿದವರು ಬಾಯಿ ಮುಚ್ಚಿಕೊಂಡು ಕೇಳುವುದು. ಯಾರೋ ಅಪರಿಚಿತ ತನ್ನ ಕಥೆ ಹೇಳುತ್ತಿದ್ದರೆ ನನ್ನ ಮನೆಯ ಜಗಳವೇ ಅವನ ಬಾಯಲ್ಲಿ ಬರುತ್ತಿತ್ತು. ನಾನೊಬ್ಬನೇ ಅಲ್ಲವಲ್ಲ ಅಂತ ಮೊದಲ ದಿನವೇ ಎದೆ ಹಗುರಾಯಿತು.

ಅಲ್ಲಿಗೆ ಹೊಸನಗರದಿಂದ ಒಬ್ಬ ಗಾಡಿಯವನು ಬರುತ್ತಿದ್ದ. ಒಂದು ಶನಿವಾರ ಅವನ ದೂರು ಇದು: "ನಾನೇನೋ ಬಿಟ್ಟೆ ಮೇಷ್ಟ್ರೇ, ಎತ್ತು ಬಿಡ್ತಿಲ್ಲ. ಸಾರಾಯಿ ಅಂಗಡಿ ಎದ್ರು ಬಂದ ಕೂಡ್ಲೆ ನಿಂತ್ಬಿಡ್ತವೆ. ನಾನು ಇಳ್ದು ಒಳಗೆ ಹೋಗಿ ಬಂದ್ರೇನೇ ಮುಂದಕ್ಕೆ ಹೆಜ್ಜೆ."

"ಒಳಗೆ ಹೋಗಿ ಎಂತ ಮಾಡ್ತೀಯ?"

"ಸುಮ್ನೆ ನಿಂತು ಬರ್ತೀನಿ."

"ಸುಮ್ನೆ?"

ಗಾಡಿಯವನು ಚಾಪೆಯ ಕಡ್ಡಿ ಕೀಳತೊಡಗಿದ. ಮೇಷ್ಟ್ರು ನಗಲಿಲ್ಲ. "ಬರೋ ಶನಿವಾರ ಎತ್ತನ್ನ ಇಲ್ಲಿ ಕೂರ್ಸು ಮಾರಾಯ. ನೀನು ಗಾಡಿ ಹತ್ರ ನಿಂತಿರು. ನಿಜ ಯಾರು ಹೇಳ್ತಾರೆ ನೋಡೋಣ."

೩. ತೀರ್ಥ

ನಮ್ಮ ಜಗಲಿಯ ಮಂದಿಯಲ್ಲಿ ಸಾರಾಯಿಗೆ ಸಾರಾಯಿ ಅಂದವರೇ ಕಡಿಮೆ, ಎಲ್ಲರ ಬಾಯಲ್ಲೂ 'ತೀರ್ಥ'. ನಾನು ಪೂರ್ತಿ ಬಿಟ್ಟ ಮೇಲೆ, ಮೇಷ್ಟ್ರ ಮನೆಯ ಸತ್ಯನಾರಾಯಣ ಪೂಜೆಗೆ ಜಗಲಿಯವರೆಲ್ಲ ಹೋದೆವು. ಭಟ್ಟರು ಉದ್ಧರಣೆ ಹಿಡಿದು ಬಂದು, "ತೀರ್ಥ ತಗಳ್ಳಿ" ಅಂದರು.

ಅಭ್ಯಾಸಬಲ ನೋಡಿ. ಎರಡೂ ಕೈ ಬೆನ್ನ ಹಿಂದೆ ಅಡಗಿಸಿ, "ಬೇಡ ಭಟ್ರೇ, ಒಂದು ತೊಟ್ಟಿಂದ್ಲೇ ಎಲ್ಲ ಶುರುವಾಗೋದು" ಅಂದುಬಿಟ್ಟೆ.

ಜಗಲಿಯವರೆಲ್ಲ ಭಕ್ತಿಯಿಂದ ತಲೆಯಾಡಿಸಿದರು. ಭಟ್ಟರಿಗೆ ಮಾತ್ರ ಅರ್ಥವಾಗಲಿಲ್ಲ. ಮೇಷ್ಟ್ರನ್ನು ಮೂಲೆಗೆ ಕರೆದು ಪಿಸುಗುಟ್ಟಿದರು: "ಇವರು ಯಾವ ಮತದವರು ಮೇಷ್ಟ್ರೇ?"

೪. ಹೇಳಿ ಕಳಿಸಿದ್ದು

ಒಂದು ಮಳೆಗಾಲ ಪೂರ್ತಿ ನಾನು ತೊಟ್ಟು ಮುಟ್ಟದೆ ಕಳೆದೆ. ಮಲೆನಾಡಿನ ಆ ಚಳಿಯಲ್ಲಿ ಅದು ಸಣ್ಣ ಮಾತಲ್ಲ. "ಇನ್ನು ಹೇಳಿ ಕಳ್ಸು," ಅಂದರು ಮೇಷ್ಟ್ರು. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರು ನನ್ನ ಮಾವನ ಮನೆ ಪಕ್ಕದವನು. ಬಸ್ಸು ತುಂಬ ಜನ, ಅವರೆದುರು ವಿವರ ಹೇಗೆ ಹೇಳುವುದು? "ನಮ್ಮ ಮನೆಯವಳಿಗೆ, ಬಿಟ್ಟಾಯ್ತಂತೆ ಅನ್ನು ಸಾಕು. ಅವಳಿಗೆ ಗೊತ್ತಾಗತ್ತೆ" ಅಂದೆ.

ಅವನು ಹೋದಾಗ ಅವಳು ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳಂತೆ. ಸುದ್ದಿ ಅತ್ತೆಗೆ ಮುಟ್ಟಿತು: "ನಿಮ್ಮ ಮಗಳನ್ನ ಅಳಿಯ ಬಿಟ್ಟಾಯ್ತಂತೆ."

ಮರುದಿನ ಬಸ್ಸಿನಿಂದ ಅತ್ತೆ ಇಳಿದರು. ಹಿಂದೆ ತೋಳು ಮಡಚಿಕೊಂಡು ಇಬ್ಬರು ಭಾವಂದಿರು. ಅವರ ಹಿಂದೆ ಇವಳು. ಅತ್ತೆಯ ಕೂಗಿಗೆ ಕಾಲೋನಿಯ ಬಾಗಿಲುಗಳೆಲ್ಲ ತೆರೆದವು. "ಬಂಗಾರದಂಥ ಮಗಳನ್ನ ಬಿಟ್ಟನಲ್ಲಪ್ಪೋ! ಕೇಳೋರಿಲ್ಲ ಅಂದ್ಕೊಂಡ್ನಾ?"

ನಾನು ಬಾಯಿ ತೆರೆಯುವುದರೊಳಗೆ ದೊಡ್ಡ ಭಾವ ನನ್ನ ಅಂಗಿ ಹಿಡಿದಿದ್ದ. ಇವಳು ಅವನ ಕೈ ಬಿಡಿಸಿ ನನ್ನೆದುರು ನಿಂತಳು.

"ಎಲ್ಲಿ, ಊದಿ."

ಊದಿದೆ. ಅವಳು ಮೂಸಿದಳು. ಮತ್ತೊಮ್ಮೆ ಊದಿಸಿದಳು. ಕಣ್ಣಲ್ಲಿ ನೀರು ತುಂಬಿತು. ನನಗೂ ಅಳು ತಡೆಯಲಾಗಲಿಲ್ಲ.

"ಅಮ್ಮಾ, ಸುಮ್ನಿರು," ಅಂದಳು ಹಿಂದಕ್ಕೆ ತಿರುಗಿ. "ಇವರು ನಿಜವಾಗ್ಲೂ ಬಿಟ್ಟಿದಾರೆ!"

ಅತ್ತೆ ಎದೆ ಬಡಿದುಕೊಂಡರು. "ಅದನ್ನೇ ಕಣೇ ನಾನು ನಿನ್ನೆಯಿಂದ ಬಡ್ಕೋತಿರೋದು!"